ಗೆಡ್ಡೆ ಕದಿಯುವ ದಿನ

ಇವತ್ತು ಕಳ್ಳರು ಬರುವ ದಿನ. ಕ್ಯಾಲೆಂಡರಿನಲ್ಲಿದೆ.
ಕೊಯಿಂಬ್ರಾದ ಈ ಮಾರುಕಟ್ಟೆಯಲ್ಲಿ
ನಲವತ್ತೊಂದು ವರ್ಷ ಟರ್ನಿಪ್ ಗೆಡ್ಡೆ ಮಾರಿದವಳು ನಾನು, ಜುಲ್ಮೀರ.
ನನಗೂ ಒಂದು ಪದ್ಧತಿ ಉಂಟು:
ಒಳ್ಳೆಯವನ್ನು ಗೋಣಿಯ ಕೆಳಗೆ ಮುಚ್ಚಿ
ಬೆಂಡಾದವು, ಹುಳು ಮುಟ್ಟಿದವು
ಕೈಗೆ ಸಿಗುವ ಹಾಗೆ ಮುಂದಕ್ಕೆ.
ಕದಿಯುವವರಿಗೂ ಮನೆಯವರ ಸಹಾಯ ಬೇಕು.

ಮೊದಲು ಸದ್ದು ಬರುತ್ತದೆ.
ಗುಡ್ಡದ ಮೇಲಿನ ವಿಶ್ವವಿದ್ಯಾಲಯದಿಂದ
ಮೆಟ್ಟಿಲು ಮೆಟ್ಟಿಲಿಗೆ ಬಡಿದುಕೊಳ್ಳುತ್ತ
ಮೀನಿನ ಡಬ್ಬ, ಬಣ್ಣದ ಡಬ್ಬ, ಹಾಲುಪುಡಿಯ ಡಬ್ಬ,
ಹೊಸ ಮಕ್ಕಳ ಕಾಲಿಗೆ ಕಟ್ಟಿದ್ದು.
ಹಿಂದೆ ಹಳಬರು. ಹೆಗಲಿಂದ ಹಿಮ್ಮಡಿವರೆಗೆ
ಕರಿ ಉಣ್ಣೆಯ ಕಾಪಾ.

ನನ್ನಮ್ಮ ಮೊಂಡೇಗು ಹೊಳೆಯಲ್ಲಿ
ಇಂಥವರ ಬಟ್ಟೆ ಒಗೆದವಳು.
ಅಂಗಿ ಬರುತ್ತಿತ್ತು, ಕಾಲುಚೀಲ ಬರುತ್ತಿತ್ತು,
ಕಾಪಾ ಮಾತ್ರ ಬರುತ್ತಿರಲಿಲ್ಲ.
ಒಗೆದರೆ ನೆನಪು ಹೋಗುತ್ತದಂತೆ.
'ಅವರ ನೆನಪಿಗೆ ಹೇನಾಗಿದೆ ಕಣೇ' ಅನ್ನುತ್ತಿದ್ದಳು,
ಮೊಣಕೈವರೆಗೆ ನೊರೆ.

'ಕಣ್ಣು ಕೆಳಗೆ!'
ಮೀಸೆ ಈಗಷ್ಟೇ ಮೊಳೆತ ಒಬ್ಬ ಕೂಗಿದ.
ಮೂವತ್ತು ತಲೆ ಒಟ್ಟಿಗೆ ಬಗ್ಗಿದವು.
ಹೊಸಬರು ಹಳಬರ ಕಣ್ಣು ನೋಡಬಾರದು.
ಇದೇ ಪಾಠವನ್ನು ಅಮ್ಮ ದಣಿಯ ಅಂಗಳದಲ್ಲಿ ಕಲಿತಿದ್ದಳು,
ಫೀಸು ಕಟ್ಟದೆ.

ಸುಳ್ಳು ಯಾಕೆ ಹೇಳಲಿ, ನಗುತ್ತಲೂ ಇದ್ದರು ಮಕ್ಕಳು.
ಹೆಸರು ಗೊತ್ತಿಲ್ಲದವರ ತೋಳು ಹಿಡಿದು
ಒಂದೇ ತಾಳಕ್ಕೆ ಡಬ್ಬ ಎಳೆಯುತ್ತ.
ಊರು ಬಿಟ್ಟ ಮೂರನೇ ವಾರಕ್ಕೆ
ತೋಳು ಎಂಬುದು ಸಣ್ಣ ವಸ್ತುವಲ್ಲ.

ಒಬ್ಬಳು ಮಾತ್ರ ಗೆಡ್ಡೆ ಹಿಡಿದು ನಿಂತೇ ಇದ್ದಳು.
ಕೆನ್ನೆಯ ಮೇಲೆ ಹಸಿರು ಬಣ್ಣ, ಹಣೆಯ ಮೇಲೆ ಒಂದು ಅಂಕಿ.
'ಕಚ್ಚು' ಅಂದರು.
ಅವಳು ನನ್ನನ್ನು ನೋಡಿದಳು. ನಾನು ತಕ್ಕಡಿ ನೋಡಿದೆ.
ಕಚ್ಚಿದಳು, ಮಣ್ಣು ಸಮೇತ.

ಸಂಜೆ, ಗಾಡಿಗೆ ಬುಟ್ಟಿ ಏರಿಸುವ ಹೊತ್ತಿಗೆ
ಒಂದೇ ಡಬ್ಬದ ಸದ್ದು.
ಅವಳೇ. ತಲೆಯಿಂದ ಹೊಳೆಯ ನೀರು ಇಳಿಯುತ್ತಿತ್ತು;
ಮೂತ್ರದ ಪಾತ್ರೆಯಲ್ಲಿ ಮೊಗೆದು ದೀಕ್ಷಾಸ್ನಾನ ಮಾಡಿಸುತ್ತಾರೆ,
ಪಾತ್ರೆ ಹೊಸದೇ, ಎಂದು ಅವಳೇ ಸಮಜಾಯಿಷಿ ಕೊಟ್ಟಳು.
ಹೆಸರು ಇರಿಯಾ. ಗಡಿ ಕಡೆಯ ಮಾತು, ಕಲ್ಲಿನ ಮೇಲೆ ಕಲ್ಲಿಟ್ಟಂತೆ.
ಅಂಗೈಯಲ್ಲಿ ಮೂವತ್ತು ಸೆಂಟು ಇತ್ತು.
'ನಿಮ್ಮ ಗೆಡ್ಡೆಗೆ.'
'ಕದ್ದದ್ದಕ್ಕೆ ದುಡ್ಡು ತಗೊಂಡರೆ
ಅದು ಕದ್ದದ್ದು ಹೇಗಾದೀತು, ಮಗಳೇ?'
ಅವಳು ಸ್ವಲ್ಪ ಯೋಚಿಸಿ ಚಾಕು ಕೇಳಿದಳು.
ದಾರದ ಗಂಟು ಒದ್ದೆಯಾಗಿ ಬಿಗಿದಿತ್ತು;
ನಾನೇ ಬಗ್ಗಿ ಕತ್ತರಿಸಿದೆ.
ಹಿಮ್ಮಡಿಯ ಸುತ್ತ ಒಂದು ಕೆಂಪು ಗೆರೆ.

'ನಾನು ಕಾಪಾ ಹಾಕಿದಾಗ ಯಾರನ್ನೂ ಬಗ್ಗಿಸುವುದಿಲ್ಲ.'
'ಹೂಂ' ಅಂದೆ.
ಹಾಗೆ ಹೇಳಿ ಹೋದವರಲ್ಲಿ ಈಗ
ಒಬ್ಬ ಪೋರ್ಟೋದಲ್ಲಿ ನ್ಯಾಯಾಧೀಶ.
ಡಬ್ಬ ನನ್ನಲ್ಲೇ ಉಳಿಯಿತು.
ಅದರಲ್ಲಿ ಕೊತ್ತಂಬರಿ ಬಿತ್ತಿದೆ, ಬರಲಿಲ್ಲ;
ಪುದೀನ ಬಂತು.

ಎರಡು ಶರತ್ಕಾಲ ಕಳೆದ ಮೇಲೆ
ಮತ್ತೆ ಕಳ್ಳರ ದಿನ.
ಸಾಲಿನ ಪಕ್ಕ, ಎಲ್ಲರಿಗಿಂತ ಹಿಂದೆ, ಇರಿಯಾ.
ಕಾಪಾ ಅವಳಿಗೆ ಉದ್ದವಾಗಿತ್ತು, ಎರವಲಿನದಿರಬೇಕು.
'ಕಣ್ಣು ಕೆಳಗೆ!' ಕೂಗಿದ್ದು ಅವಳಲ್ಲ.
ಬೇಡ ಅಂದದ್ದೂ ಅವಳಲ್ಲ.
ನನ್ನ ಅಂಗಡಿಯ ಮುಂದೆ ಬಂದಾಗ
ತಲೆ ಬಗ್ಗಿಸಿದ ಮಕ್ಕಳ ನಡುವೆ
ಅವಳ ಕಣ್ಣೂ ನೆಲದಲ್ಲೇ ಇತ್ತು,
ಏನೋ ಬೀಳಿಸಿಕೊಂಡವಳ ಹಾಗೆ.

ನಾನು ಗೋಣಿ ಸರಿಸಿ
ಒಳ್ಳೆಯದೊಂದನ್ನು ತೆಗೆದು ಮುಂದಿಟ್ಟೆ,
ಕೈ ಚಾಚಿದರೆ ಸಿಗುವ ಹಾಗೆ.
ಡಬ್ಬಗಳು ಹೊಳೆಯ ಕಡೆ ತಿರುಗಿದವು.
ಅದನ್ನು ಯಾರೂ ಕದಿಯಲಿಲ್ಲ.

ರಾತ್ರಿ ಸೂಪಿಗೆ ಹಾಕಿದೆ, ಪುದೀನ ಚೂರು ಉದುರಿಸಿ.
ಸ್ವಲ್ಪ ಕಹಿ.
ಇಬ್ಬನಿ ಹೆಪ್ಪುಗಟ್ಟುವ ಮೊದಲೇ ಕಿತ್ತ ಗೆಡ್ಡೆ ಹಾಗೇ.
ಕಿತ್ತವಳು ನಾನೇ.